ಪ್ರವಾಸಿಗರ ದುಡ್ಡು ಊರಲ್ಲಿ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕಿದವರು ಹೇಳಿ

ಕೇಳಿದವರು: ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದೇನೆ. ಪ್ರವಾಸಿಗರಿಂದ ಒಂದು ಪ್ರದೇಶದ ಜನರ ಕೈಗೆ ಎಷ್ಟು ದುಡ್ಡು ಸೇರುತ್ತದೆ ಅನ್ನುವುದು ನನ್ನ ವಿಷಯ. ಮುಂದಿನ ತಿಂಗಳು ಸರ್ವೆ ಶುರು. ಬಂದವರ ಸಂಖ್ಯೆಯನ್ನು ಸರಾಸರಿ ಖರ್ಚಿನಿಂದ ಗುಣಿಸುವುದು, ಬಂದದ್ದಕ್ಕೆ ಒಂದು ಗುಣಕ (ಆ ದುಡ್ಡು ಊರಲ್ಲೇ ಕೈ ಬದಲಾಗುತ್ತಾ ಒಟ್ಟು ಎಷ್ಟು ಪಟ್ಟಾಗುತ್ತದೆ ಅನ್ನುವ ಅಂಕಿ) ಹಚ್ಚುವುದು, ಇಷ್ಟು ಸಾಕಾ? ಈ ಕೆಲಸದಲ್ಲಿ ಪೆಟ್ಟು ತಿಂದವರು ದಯವಿಟ್ಟು ಬರೆಯಿರಿ.

ಮೊದಲ ಉತ್ತರ: ಪೆಟ್ಟು ತಿಂದವರಲ್ಲಿ ನಾನೂ ಒಬ್ಬಳು. ‘ಈ ಪ್ರವಾಸಕ್ಕೆ ಎಷ್ಟು ಖರ್ಚಾಯಿತು?’ ಅಂತ ಒಂದೇ ಸಾಲು ಇಟ್ಟುಕೊಂಡು ಹೋಗಿದ್ದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಥಟ್ಟನೆ ಒಂದು ಅಂಕಿ ಹೇಳಿದರು. ಪಕ್ಕದಲ್ಲಿದ್ದ ಅವರ ಹೆಂಡತಿಗೆ ನಗು ಬಂತು. ಪರ್ಸಿನಿಂದ ಮಡಚಿಟ್ಟ ಬಿಲ್ಲುಗಳನ್ನು ತೆಗೆದು, ತೊಡೆಯ ಮೇಲೆ ಹರಡಿ ಕೂಡಿಸಿದರು. ಹೆಚ್ಚುಕಮ್ಮಿ ಎರಡು ಪಟ್ಟು! ಗಂಡ ಹೇಳಿದ್ದು ತಮ್ಮ ಜೇಬಿನ ಲೆಕ್ಕ ಮಾತ್ರ.

ಆ ಸಂಜೆ ಹಳೆಯ ಹಾಳೆಗಳನ್ನೆಲ್ಲ ತಿರುವಿ ಹಾಕಿದೆ. ಯಾರು ಒಬ್ಬರ ಖರ್ಚು ಹೇಳಿದ್ದಾರೆ, ಯಾರು ಇಡೀ ಮನೆಯವರದ್ದು ಹೇಳಿದ್ದಾರೆ, ತಿಳಿಯುವ ದಾರಿಯೇ ಇರಲಿಲ್ಲ. ಅಷ್ಟೂ ಹಾಳೆ ಕಟ್ಟಿ ಪಕ್ಕಕ್ಕಿಟ್ಟೆ. ಅದಕ್ಕೇ ಹೇಳುವುದು, ಮೊದಲು ‘ನಿಮ್ಮ ಜೊತೆ ಒಂದೇ ಖರ್ಚಿನಲ್ಲಿ ಎಷ್ಟು ಜನ ಇದ್ದೀರಿ?’ ಅಂತ ಕೇಳಿ. ಆಮೇಲೆ ವಸತಿ, ಊಟ, ಓಡಾಟ, ಟಿಕೆಟ್, ಖರೀದಿ ಅಂತ ಬಿಡಿಬಿಡಿಯಾಗಿ ಕೇಳಿ. ಒಂದೊಂದೇ ಕೇಳಿದರೆ ಮರೆತದ್ದೂ ನೆನಪಾಗುತ್ತದೆ. ಮನೆಯಲ್ಲೇ ಕೂತು ಕಟ್ಟಿದ ದುಡ್ಡು ಯಾವುದು, ಇಲ್ಲಿಗೆ ಬಂದು ಕೊಟ್ಟದ್ದು ಯಾವುದು ಅನ್ನುವುದಕ್ಕೆ ಬೇರೆ ಬೇರೆ ಕಾಲಂ ಇರಲಿ. ಹೊರಡುವ ಹೊತ್ತಿಗೆ ಕೇಳಿದರೆ ಒಳ್ಳೆಯದು. ನಡುವೆ ಕೇಳಿದರೆ ಉಳಿದ ದಿನಗಳ ಖರ್ಚು ನಿಮ್ಮ ಕೈಗೆ ಸಿಗುವುದೇ ಇಲ್ಲ.

ಸಂಖ್ಯಾಶಾಸ್ತ್ರ ಕಲಿಸುವವರು: ಮೇಲಿನವರು ಹೊರಡುವಾಗ ಕೇಳಿ ಅಂದದ್ದಕ್ಕೆ ಇನ್ನೊಂದು ಕಾರಣವಿದೆ. ದಿನಾ 10 ಜನ ಒಂದು ದಿನಕ್ಕೆ, ಇನ್ನು 10 ಜನ ಐದು ದಿನಕ್ಕೆ ಬರುತ್ತಾರೆ ಅಂದುಕೊಳ್ಳಿ. ಸರಾಸರಿ ವಾಸ 3 ದಿನ. ಆದರೆ ಯಾವುದೇ ದಿನ ಅಲ್ಲಿ ಸಿಗುವ 60 ಜನರಲ್ಲಿ 50 ಮಂದಿ ಐದು ದಿನದವರೇ! ಅವರನ್ನೆಲ್ಲ ಕೇಳಿ ಸರಾಸರಿ ತೆಗೆದರೆ 4.3 ದಿನ ಬರುತ್ತದೆ. ಜಾಸ್ತಿ ದಿನ ಇದ್ದವರು ಜಾಸ್ತಿ ಕಣ್ಣಿಗೆ ಬೀಳುತ್ತಾರೆ, ಅಷ್ಟೇ. ಸ್ಥಳದಲ್ಲೇ ಸರ್ವೆ ಮಾಡಲೇಬೇಕಾದರೆ ಐದು ದಿನದವರ ಉತ್ತರಕ್ಕೆ ಐದನೇ ಒಂದು ತೂಕ ಕೊಡಿ (ಆ 50 ಮಂದಿಯನ್ನು 10 ಅಂತ ಎಣಿಸಿ), ಲೆಕ್ಕ ಮತ್ತೆ 3ಕ್ಕೆ ಬರುತ್ತದೆ.

ಇನ್ನೊಂದು, ‘ಪ್ರವಾಸಿ’ ಯಾರು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ವಿಶ್ವಸಂಸ್ಥೆಯ 2008ರ ಪ್ರವಾಸೋದ್ಯಮ ಅಂಕಿಅಂಶ ಶಿಫಾರಸುಗಳ ಪ್ರಕಾರ, ದಿನನಿತ್ಯ ಓಡಾಡುವ ಪರಿಸರ ಬಿಟ್ಟು ಒಂದು ವರ್ಷಕ್ಕಿಂತ ಕಡಿಮೆ ಕಾಲಕ್ಕೆ ಬಂದವರು, ಹೋದ ಕಡೆಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಲು ಬಂದವರನ್ನು ಬಿಟ್ಟು ಉಳಿದವರೆಲ್ಲ ಸಂದರ್ಶಕರು. ರಾತ್ರಿ ತಂಗಿದರೆ ಮಾತ್ರ ಪ್ರವಾಸಿ. ಬೆಳಗ್ಗೆ ಬಂದು ಸಂಜೆ ಹೋದವರು ಬೇರೆ ಗುಂಪು. ಇಬ್ಬರನ್ನೂ ಕಲಸಿ ಸರಾಸರಿ ತೆಗೆಯಬೇಡಿ, ಅದು ಯಾರ ಖರ್ಚೂ ಆಗಿರುವುದಿಲ್ಲ.

ಮೂರನೇ ಉತ್ತರ, ಗುಣಕದ ಬಗ್ಗೆ: ನನಗೆ ಬುದ್ಧಿ ಬಂದದ್ದು ಮೌಖಿಕ ಪರೀಕ್ಷೆಯಲ್ಲಿ. ಇಡೀ ದೇಶಕ್ಕೆ ಲೆಕ್ಕ ಹಾಕಿದ ಗುಣಕವನ್ನು ಸುಮ್ನೆ ಎತ್ತಿ ಸಣ್ಣ ಪ್ರದೇಶಕ್ಕೆ ಹಚ್ಚಿದ್ದೆ. ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ‘ಹೋಟೆಲಿನ ಹಾಸಿಗೆ ಬಟ್ಟೆ ಎಲ್ಲಿಂದ ಬರುತ್ತದೆ?’ ಉತ್ತರ ನನಗೆ ಗೊತ್ತಿರಲಿಲ್ಲ.

ಖರ್ಚಾದ 100ರಲ್ಲಿ 40 ಒಳಗೇ ಉಳಿದು, ಆ 40ರಲ್ಲೂ ಮತ್ತೆ ಅಷ್ಟೇ ಪಾಲು ಉಳಿಯುತ್ತಾ ಹೋದರೆ ಒಟ್ಟು ಸುಮಾರು 167. ಉಳಿಯುವುದು 20 ಆದರೆ 125 ಮಾತ್ರ. ಪ್ರದೇಶ ಚಿಕ್ಕದಾದಷ್ಟೂ ಹೊರಗಿನಿಂದ ತರಿಸುವುದು ಹೆಚ್ಚು, ಸೋರಿಕೆಯೂ (ದುಡ್ಡು ಹೊರಗೆ ಹೋಗುವುದೂ) ಹೆಚ್ಚು. ಅಂಗಡಿಯಲ್ಲಿ ಕೊಂಡ ವಸ್ತು ಬೇರೆಲ್ಲೋ ತಯಾರಾಗಿದ್ದರೆ ಅಂಗಡಿಯವರಿಗೆ ಉಳಿಯುವ ಪಾಲನ್ನಷ್ಟೇ ಹಿಡಿಯಬೇಕು, ಪೂರ್ತಿ ಬೆಲೆಯನ್ನಲ್ಲ. ಅರ್ಥಶಾಸ್ತ್ರಜ್ಞ ಲಿಯಾಂಟಿಯೆಫ್ ಅವರಿಗೆ 1973ರಲ್ಲಿ ನೊಬೆಲ್ ತಂದುಕೊಟ್ಟ ಇನ್‌ಪುಟ್–ಔಟ್‌ಪುಟ್ ಕೋಷ್ಟಕ (ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಅನ್ನುವ ಪಟ್ಟಿ) ನಿಮ್ಮ ಪ್ರದೇಶಕ್ಕೆ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಹೋಟೆಲು, ಅಂಗಡಿ, ಗಾಡಿಯವರಲ್ಲಿ ಒಂದಷ್ಟು ಜನರ ಹತ್ತಿರ ಕೂತು ‘ಸಾಮಾನು ಎಲ್ಲಿಂದ ತರಿಸುತ್ತೀರಿ? ಕೆಲಸದವರು ಎಲ್ಲಿಯವರು? ಮಾಲೀಕರು ಎಲ್ಲಿರುತ್ತಾರೆ?’ ಅಂತ ಕೇಳಿ. ನಾನು ಮರುವರ್ಷ ಅದನ್ನೇ ಮಾಡಿದೆ. ಪ್ರದೇಶಕ್ಕಾದ ಲಾಭದ ಅಂಕಿ ಅರ್ಧಕ್ಕಿಂತ ಕೆಳಗಿಳಿಯಿತು. ಸಂಶೋಧನೆಯ ಗೈಡ್ ಮುಖ ಸಣ್ಣದು ಮಾಡಿಕೊಂಡರು, ಪರೀಕ್ಷಕರು ಮಾತ್ರ ಪಾಸು ಮಾಡಿದರು.

ಕೇಳಿದವರು: ಅಯ್ಯೋ, ನಾನೂ ದೇಶದ ಗುಣಕವನ್ನೇ ಇಟ್ಟುಕೊಂಡಿದ್ದೆ. ಒಂದು ವಾರ್ಷಿಕ ಉತ್ಸವಕ್ಕೆ ಬರುವವರನ್ನೂ ಸೇರಿಸಬೇಕು ಅಂತಿದ್ದೇನೆ. ಅದರಲ್ಲಿ ತೊಂದರೆ ಇಲ್ಲ ಅಲ್ವಾ?

ನಾಲ್ಕನೇ ಉತ್ತರ: ಇದೆ. ಉತ್ಸವದ ಗುಂಪಿನಲ್ಲಿ ಅಲ್ಲಿಯವರೇ ಎಷ್ಟು ಮಂದಿ? ಅವರು ಆ ದುಡ್ಡನ್ನು ಉತ್ಸವ ಇಲ್ಲದಿದ್ದರೂ ಅಲ್ಲೇ ಬೇರೆ ಕಡೆ ಖರ್ಚು ಮಾಡುತ್ತಿದ್ದರು. ಅದು ಹೊಸ ದುಡ್ಡಲ್ಲ. ಹೊರಗಿನವರಲ್ಲೂ ಕೆಲವರು ಹೇಗೂ ಬರುವವರು, ದಿನ ಮಾತ್ರ ಬದಲಿಸಿರುತ್ತಾರೆ. ‘ಉತ್ಸವ ಇಲ್ಲದಿದ್ದರೆ ಬರುತ್ತಿದ್ದಿರಾ?’ ಅನ್ನುವ ಒಂದು ಪ್ರಶ್ನೆ ಹಾಕಿ. ಗದ್ದಲಕ್ಕೆ ಹೆದರಿ ಆ ವಾರ ಬರದೇ ಉಳಿದವರೂ ಇರುತ್ತಾರೆ. ಅವರು ನಿಮ್ಮ ಸರ್ವೆಯಲ್ಲಿ ಸಿಗುವುದಿಲ್ಲ. ಹೋಟೆಲಿನವರು ಹಳೆಯ ರಿಜಿಸ್ಟರ್ ತೋರಿಸಿದರೆ ಅಂದಾಜು ಸಿಗಬಹುದು.

ಉದ್ಯೋಗದ ಅಂಕಿ ಬರೆಯುವಾಗ ಹುಷಾರು. ಮೂರು ತಿಂಗಳ ಸೀಸನ್ ಕೆಲಸದವರು ನಾಲ್ವರನ್ನು ಸೇರಿಸಿದರೆ ಒಂದು ಪೂರ್ಣ ವರ್ಷದ ಉದ್ಯೋಗ, ನಾಲ್ಕಲ್ಲ. ಭೂಗೋಳಶಾಸ್ತ್ರಜ್ಞ ಬಟ್ಲರ್ ಅವರ 1980ರ ಪ್ರವಾಸಿ ತಾಣದ ಜೀವನಚಕ್ರದ ಗೆರೆಯನ್ನು (ತಾಣ ಹುಟ್ಟಿ, ಬೆಳೆದು, ಸೊರಗುವ ಹಂತಗಳ ಚಿತ್ರ) ಎಲ್ಲರೂ ಎರಡನೇ ಅಧ್ಯಾಯದಲ್ಲಿ ಎಳೆಯುತ್ತಾರೆ. ಗೈಡ್ ಕೇಳಿದರೆ ನೀವೂ ಎಳೆಯಿರಿ, ದುಡ್ಡು ಎಣಿಸುವುದಕ್ಕೆ ಅದು ಬರುವುದಿಲ್ಲ.

ಕೇಳಿದವರು: ಪ್ರಶ್ನಾವಳಿ ಒಂದು ಪುಟ ಇತ್ತು, ಈಗ ಎರಡೂವರೆ ಆಗಿದೆ. ಹೊರಡುವ ಆತುರದಲ್ಲಿರುವವರು ಇಷ್ಟಕ್ಕೆ ಉತ್ತರ ಕೊಡುತ್ತಾರಾ?

ಮೊದಲ ಉತ್ತರದವರು: ಕೊಡುವುದಿಲ್ಲ. ವಯಸ್ಸು, ಆದಾಯ, ‘ಸ್ವಚ್ಛತೆ ಹೇಗಿದೆ’ ಇವೆಲ್ಲ ಕಿತ್ತು ಹಾಕಿ, ಖರ್ಚಿನ ಕಾಲಂ ಮಾತ್ರ ಉಳಿಸಿ. ಹತ್ತು ಜನರ ಮೇಲೆ ಪ್ರಯೋಗ ಮಾಡಿ, ಗಡಿಯಾರ ಹಿಡಿದುಕೊಂಡೇ. ಬಸ್ಸು ಬರುವುದರೊಳಗೆ ಮುಗಿಯಬೇಕು.