ಅಪ್ಪನ ಶುಗರ್ ಫಾರ್ಮಲ್ಲಿ ಬರೀಬೇಡಿ ಅಂತಾರೆ ಏಜೆಂಟ್, ಏನ್ ಮಾಡ್ಲಿ?

ಹಾಸನದ ಹುಡುಗ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 61, ಅಮ್ಮಂಗೆ 56. ಇಷ್ಟು ದಿನ ನನ್ ಕಂಪ್ನಿ ಕೊಡೋ ಹೆಲ್ತ್ ಇನ್ಶೂರೆನ್ಸ್ ಗ್ರೂಪ್ ಪಾಲಿಸೀಲೇ ಇದ್ರು, ಈಗ ನಾನು ಕೆಲ್ಸ ಬಿಟ್ಟು ಊರಲ್ಲೇ ಅಂಗಡಿ ಇಡೋಣ ಅಂತಿದೀನಿ, ಬಿಟ್ರೆ ಆ ಕವರೂ ಹೋಗತ್ತೆ, ಅದಕ್ಕೆ ಇಬ್ರಿಗೂ ಹೊಸ ಪಾಲಿಸಿ ತಗೋಬೇಕು. ಅಪ್ಪಂಗೆ 8 ವರ್ಷದಿಂದ ಶುಗರ್, ಮಾತ್ರೆ ತಗೋತಾರೆ. ಏಜೆಂಟು ಅದನ್ನ ಬರೀಬೇಡಿ, ಪ್ರೀಮಿಯಂ ಜಾಸ್ತಿ ಆಗತ್ತೆ, ರಿಜೆಕ್ಟೂ ಮಾಡ್ಬೋದು, 5 ವರ್ಷ ಕಳೆದ್ರೆ ಆಮೇಲೆ ಯಾರೂ ಕೇಳಂಗಿಲ್ಲ ಅಂತಾರೆ. ನಂಗ್ಯಾಕೋ ಭಯ ಆಗ್ತಿದೆ. ತಿಳಿದೋರು ಹೇಳಿ ಪ್ಲೀಸ್.

ಡೆಸ್ಕ್ ಅಕ್ಕ:
ತಮ್ಮಾ, ದಯವಿಟ್ಟು ಮುಚ್ಚಿಡ್ಬೇಡ. ನಾನು 11 ವರ್ಷ ಆಸ್ಪತ್ರೆ ಇನ್ಶೂರೆನ್ಸ್ ಡೆಸ್ಕಲ್ಲಿ ಕೂತೋಳು. ರಾತ್ರಿ ಎದೆನೋವು ಅಂತ ಕರ್ಕೊಂಡು ಬಂದಾಗ ಡ್ಯೂಟಿ ಡಾಕ್ಟ್ರು ಶುಗರ್ ಎಷ್ಟು ವರ್ಷದಿಂದ ಅಂತ ಕೇಳ್ತಾರೆ, ನಿಮ್ಮಪ್ಪನೇ 8 ವರ್ಷ ಅಂತಾರೆ, ಕೇಸ್ ಶೀಟಲ್ಲಿ ಅದು ಬರೆದಾಯ್ತು, ಅದೇ ಕಾಗದ ಇನ್ಶೂರೆನ್ಸ್ ಕಂಪ್ನಿಗೆ ಹೋಗತ್ತೆ. ಅಲ್ಲಿಗೆ ಕ್ಲೇಮೂ ಹೋಯ್ತು, ಪಾಲಿಸಿನೇ ಕ್ಯಾನ್ಸಲ್ ಆದ್ರೂ ಆಯ್ತು. ಆ 5 ವರ್ಷದ ಮಾತು ಅರ್ಧ ನಿಜ. 60 ತಿಂಗಳು ಬಿಡದೆ ಕಟ್ಟಿದ್ರೆ ಹೇಳಿಲ್ಲ ಅನ್ನೋ ಕಾರಣಕ್ಕೆ ತಕರಾರು ತೆಗೆಯಂಗಿಲ್ಲ, ಆದ್ರೆ ಮೋಸ ಅಂತ ಸಾಬೀತಾದ್ರೆ ಆ ರಕ್ಷಣೆ ಇಲ್ಲ. ಬೇಕಂತಲೇ ಮುಚ್ಚಿಟ್ರೆ ಅದನ್ನ ಏನಂತ ಕರೀತಾರೆ ನೀನೇ ಯೋಚ್ನೆ ಮಾಡು. ಆ 5 ವರ್ಷದೊಳಗೇ ಏನಾದ್ರೂ ಆದ್ರೆ?

ಹೇಳಿ ತಗೊಂಡ್ರೆ ಶುಗರ್‌ಗೆ ಸಂಬಂಧಿಸಿದ ಖರ್ಚಿಗೆ ಕವರ್ ಶುರುವಾಗೋಕೆ ಕಾಯೋದು ಹೆಚ್ಚೆಂದ್ರೆ 3 ವರ್ಷ, 2024ರ ಏಪ್ರಿಲ್‌ಗೆ ಮುಂಚೆ 4 ಇತ್ತು. ಇನ್ನೊಂದು ಮುಖ್ಯ ವಿಷ್ಯ, ಕೆಲ್ಸದಿಂದ ರಿಲೀವ್ ಆಗೋಕೆ ಮುಂಚೆನೇ ಎಚ್‌ಆರ್ ಹತ್ರ ಕೇಳು. ಗ್ರೂಪ್ ಪಾಲಿಸಿ ಕೊಟ್ಟಿರೋ ಇನ್ಶೂರೆನ್ಸ್ ಕಂಪ್ನಿಯಲ್ಲೇ ನಿಮ್ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಳ್ಳೋ ಅವಕಾಶ ಇದೆ, ಅವ್ರು ಒಪ್ಪಿದ್ರೆ ಗ್ರೂಪಲ್ಲಿ ಕಳೆದ ವರ್ಷಗಳು ಈ ಕಾಯೋ ಅವಧಿಗೆ ಲೆಕ್ಕಕ್ಕೆ ಬರತ್ತೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ರಿಲೀವ್ ಆದ್ಮೇಲೆ ಬಂದು ಅಳ್ತಾರೆ.

ಧಾರವಾಡ ಮಂದಿ:
ಅಕ್ಕಾರು ಹೇಳಿದ್ದು ಖರೆ ಐತ್ರೀ. ನಾ ಒಂದ್ ಮಾತು ಸೇರಸ್ತೀನಿ, ರೂಂ ಬಾಡಿಗಿ ಲಿಮಿಟ್ ನೋಡ್ಕೊಂಡ ತಗೋರಿ. ನಮ್ಮವ್ವಗ ಪಿತ್ತಕೋಶದ ಆಪರೇಶನ್ ಆತು, ಪಾಲಿಸಿ 5 ಲಕ್ಷದ್ದು, ರೂಮಿಗೆ 1% ಅಂದ್ರ ದಿನಕ್ಕ 5,000. ನಾವು 8,000ದ ರೂಂ ತಗೊಂಡ್ವಿ, ಮ್ಯಾಲಿನ 3,000 ಅಷ್ಟ ನಮ್ಮದು ಅನ್ಕೊಂಡಿದ್ವಿ. ಹಂಗಿಲ್ಲರೀ, ಡಾಕ್ಟರ್ ಫೀ, ಥಿಯೇಟರ್ ಚಾರ್ಜ್ ಸೇರಿ 64,000 ಆಗಿತ್ತು, ಅದನ್ನೂ 8ಕ್ಕ 5ರ ಲೆಕ್ಕದಾಗ ಕಡದು 40,000 ಕೊಟ್ರು. ಔಷಧಕ್ಕ ಈ ಕಡತ ಇಲ್ಲ, ಅಷ್ಟ ಸಮಾಧಾನ. ಅವ್ವ ಮಲಗ್ಯಾಳ, ನಾನು ಬಿಲ್ಲಿಂಗ್ ಕೌಂಟರಿನ ಮುಂದ ನಿಂತು ಯಾರ್ಯಾರಿಗೋ ಫೋನ್ ಹಚ್ಚಿ ರೊಕ್ಕ ಹೊಂದಿಸೀನಿ. ಆ ದಿನ ಯಾರಿಗೂ ಬ್ಯಾಡ. ರೂಂ ಲಿಮಿಟ್ ಇಲ್ಲದ್ದ ತಗೋರಿ.

ಬೆಳಗಿನ ವಾಕ್:
ಸರ್, ಪ್ರೀಮಿಯಂ ಬಗ್ಗೆ ಅಷ್ಟು ಹೆದ್ರಬೇಡಿ, ಸೆಪ್ಟೆಂಬರ್ 22, 2025ರಿಂದ ಸ್ವಂತ ಪಾಲಿಸಿಗೆ 18% ಜಿಎಸ್‌ಟಿ ಇಲ್ಲ. ಇನ್ಕಮ್ ಟ್ಯಾಕ್ಸ್ ಹಳೇ ಪದ್ಧತೀಲಿ ಕಟ್ತಿದ್ರೆ, 60 ದಾಟಿದ ಅಪ್ಪನ ಪಾಲಿಸಿ ಇರೋದ್ರಿಂದ ಕಟ್ಟಿದ ಪ್ರೀಮಿಯಂನಲ್ಲಿ 50,000ದವರೆಗೆ ಆದಾಯದಿಂದ ಕಳೆದು ಲೆಕ್ಕ ಹಾಕೋ ವಿನಾಯ್ತಿನೂ ಸಿಗತ್ತೆ.

ಪಾಲಿಸೀಲಿ ವರ್ಷಕ್ಕೊಂದು ಫ್ರೀ ಚೆಕಪ್ ಇದ್ರೆ ಬಿಡ್ಬೇಡಿ. ನಮ್ಮನೇಲಿ 4 ವರ್ಷ ಯಾರೂ ಮಾಡಿಸ್ಲೇ ಇಲ್ಲ, ಐದನೇ ವರ್ಷ ಸುಮ್ನೆ ಹೋದಾಗ ನಮ್ಮಪ್ಪನ ಯೂರಿನಲ್ಲಿ ಪ್ರೋಟೀನ್ ಬಂತು, ಅಂದ್ರೆ ಶುಗರ್ ಕಿಡ್ನಿ ಮುಟ್ಟೋಕೆ ಶುರು ಮಾಡಿತ್ತು. ಮೊದ್ಲೇ ಹೋಗಿದ್ರೆ ಮೊದ್ಲೇ ಗೊತ್ತಾಗ್ತಿತ್ತಲ್ಲ ಅಂತ ಇವತ್ತಿಗೂ ಸಂಕಟ ಆಗತ್ತೆ. ಮೂರು ತಿಂಗಳ ಸರಾಸರಿ ತೋರ್ಸೋ ಶುಗರ್ ಟೆಸ್ಟ್ (HbA1c), ಯೂರಿನ್, ಕಣ್ಣು ಎಲ್ಲಾ ಮಾಡಿಸಿ. ರಾಗಿ ಶುಗರ್‌ಗೆ ಒಳ್ಳೇದು ಅಂತ ಎರಡೆರಡು ಮುದ್ದೆ ನುಂಗೋದು ಬೇಡ, ಒಂದು ಸಣ್ಣ ಮುದ್ದೆ, ಜೊತೆಗೆ ಸೊಪ್ಪು ಕಾಳು ಜಾಸ್ತಿ. ಊಟ ಆದ್ಮೇಲೆ ಹತ್ತು ನಿಮಿಷ ಅಂಗಳದಲ್ಲಾದ್ರೂ ಓಡಾಡಿಸಿ.

ಹಾಸನದ ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕ್ದೆ, ರಿಲೀವಿಂಗ್‌ಗೆ ಇನ್ನೂ 5 ವಾರ ಇದೆ. ಅಪ್ಪನ ಹಳೇ ರಿಪೋರ್ಟೆಲ್ಲ ಅಮ್ಮ ಬೀರು ಕೆಳಗಿಂದ ತೆಗೆದಿಟ್ಟಿದಾರೆ, 2019ರಿಂದ ಇರೋದೆಲ್ಲ ಸ್ಕ್ಯಾನ್ ಮಾಡಿ ಫಾರ್ಮ್ ಜೊತೆನೇ ಕೊಡ್ತೀನಿ.