ಹಾಳೆ ಟೊಪ್ಪಿಯ ಕಳ್ಳ

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಸಂಜೆ ಆರಕ್ಕೆ ಭಟ್ಟರ ಜಗಲಿಗೆ ಎಲೆಯಡಿಕೆ ಕವಳದ ಹರಿವಾಣ ಬಂತು ಅಂದ್ರೆ ಸಭೆ ಸೇರಿತು ಅಂತ ಲೆಕ್ಕ. ಈ ಸಲದ ವಿಷಯ ಕ್ಯಾಮೆರಾ. ಹೋದ ವರ್ಷ ಅಂಗಳದಲ್ಲಿ ಒಣಗಲು ಹಾಕಿದ್ದ ಕೆಂಪಡಿಕೆಯಲ್ಲಿ ಒಂದು ಮೂಟೆಯಷ್ಟು ರಾತ್ರೋರಾತ್ರಿ ಮಾಯವಾಗಿತ್ತು. ಕ್ಯಾಮೆರಾ ಇರಲಿಲ್ಲ ಅಂತಲ್ಲ, ಇತ್ತು. ಪೇಟೆಯಿಂದ ಬಂದವನೊಬ್ಬ "ಮೇಲಿದ್ದಷ್ಟೂ ದೂರ ಕಾಣುತ್ತೆ" ಅಂತ ಹೇಳಿ ಮಾಡಿನ ತುದಿಯಲ್ಲಿ, ಹತ್ತಿರ ಹತ್ತಿರ 20 ಅಡಿ ಎತ್ತರಕ್ಕೆ ಅದನ್ನು ಹೊಡೆದು ಹೋಗಿದ್ದ. ಅದು ಕಳ್ಳನನ್ನು ಕಂಡಿದ್ದೂ ನಿಜ. ಏನು ಕಂಡಿತು ಅಂದ್ರೆ ಅಡಿಕೆ ಮರದ ಹಾಳೆಯಲ್ಲಿ ಮಾಡಿದ ಒಂದು ಹಾಳೆ ಟೊಪ್ಪಿ, ಅದರ ನೆತ್ತಿಯಲ್ಲೊಂದು ತೂತು, ಕೆಳಗೆ ಎರಡು ಪಾದ. ಮುಖ, ಮೂಗು, ಮೀಸೆ ಯಾವುದೂ ಇಲ್ಲ.

ಭಟ್ಟರು ಆ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ವರ್ಷವಿಡೀ ಊರವರ ಟೊಪ್ಪಿಯ ನೆತ್ತಿ ನೋಡುತ್ತಾ ತಿರುಗಿದರು. ತೋಟದಲ್ಲಿ ಯಾರಾದರೂ ಬಗ್ಗಿದರೆ ಸಾಕು, ಹೋಗಿ ಹತ್ತಿರ ನಿಲ್ಲುತ್ತಿದ್ದರು. ಆಳುಗಳು ಬರುವುದೇ ಕಮ್ಮಿಯಾಯಿತು. ಕ್ಯಾಮೆರಾ ಮೇ ತಿಂಗಳ ಒಂದು ಸಿಡಿಲಿಗೆ ಮೋಡೆಮ್ ಸಮೇತ ಸತ್ತಿತು.

"ಈ ಸಲ ಎಂಟು ಮೆಗಾಪಿಕ್ಸೆಲ್, ಫೋರ್‌ಕೆ" ಅಂದರು ಭಟ್ಟರು. "ಇನ್ನೇನು ಉಳಿಯುತ್ತೆ ಹೇಳಿ?"

"ಮಾವ, ಅದೇ ಜಾಗಕ್ಕೆ ಹಾಕಿದ್ರೆ ಟೊಪ್ಪಿ ಇನ್ನೂ ಚೆನ್ನಾಗಿ ಕಾಣುತ್ತೆ ಅಷ್ಟೆ" ಅಂದ ಮಾಣಿ. ಇವನು ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುವ ಇಂಜಿನಿಯರ್, ನೆಟ್ ಇದ್ದ ದಿನ. "ಎಂಟೊಂಬತ್ತು ಅಡಿ ಎತ್ತರ ಸಾಕು. ಅಗಲ ಜಾಸ್ತಿ ಬೇಕು ಅಂದ್ರೆ 2.8 ಎಂಎಂ ಲೆನ್ಸು, ಅದರಲ್ಲಿ ಇಡೀ ಅಂಗಳ ಕಾಣುತ್ತೆ, ಮುಖ ಮಾತ್ರ ಕಡಲೆಕಾಳು. ಒಳಗೆ ಬರೋ ದಣಪೆ ಬಾಗಿಲ ಕಡೆಗೆ ಒಂದು 4 ಎಂಎಂ ಹಾಕಿ, ಬರೋವನ ಮುಖ ಅಲ್ಲೇ ಸಿಗಲಿ."

"ಕೈ ಎಟಕುವ ಹಾಗಿದ್ರೆ ಕಳ್ಳ ಕ್ಯಾಮೆರಾನೂ ಕಿತ್ಕೊಂಡು ಹೋಗ್ತಾನಲ್ಲೋ?" ಅಂದರು ಮೇಷ್ಟ್ರು. ನಿವೃತ್ತಿಯಾದ ಮೇಲೆ ಇವರು ಕಳ್ಳನ ಪರವಾಗಿ ಯೋಚಿಸುವುದನ್ನು ಬಹಳ ಚೆನ್ನಾಗಿ ಕಲಿತಿದ್ದಾರೆ.

"ಕಿತ್ಕೊಳ್ಳೋಕೆ ಬಂದವನ ಮುಖ ಅಂತೂ ಮೊಬೈಲಿಗೆ ಬಂದಿರುತ್ತಲ್ಲ ಮೇಷ್ಟ್ರೇ!"

ಆಮೇಲೆ ರಾತ್ರಿಯ ವಿಷಯ ಬಂತು. ಕತ್ತಲಲ್ಲಿ ಕ್ಯಾಮೆರಾ ಇನ್‌ಫ್ರಾರೆಡ್ ಬಿಡುತ್ತದೆ, ಆ ಬೆಳಕು ನಮ್ಮ ಕಣ್ಣಿಗೆ ಕಾಣದು, ಚಿತ್ರ ಕಪ್ಪು ಬಿಳುಪು. ಮಾಮೂಲಿ 850 ನ್ಯಾನೋಮೀಟರಿನದಾದರೆ ಹತ್ತಿರದಿಂದ ನೋಡಿದಾಗ ಮಂದ ಕೆಂಪು ಕಾಣುತ್ತದೆ. 940ರದು ಕಾಣುವುದೇ ಇಲ್ಲ, ಆದರೆ ಅಷ್ಟು ದೂರ ಮುಟ್ಟುವುದೂ ಇಲ್ಲ. ಇಲ್ಲಿಯವರೆಗೂ ಎಲ್ಲರೂ ತಲೆಯಾಡಿಸಿದೆವು. ಸಮಸ್ಯೆ ಜೇಡದ್ದು. ಲೆನ್ಸಿನ ಮುಂದೆ ಒಂದು ಎಳೆ ಬಲೆ ಕಟ್ಟಿದರೂ ಸಾಕು, ಆ ಬೆಳಕು ಅದಕ್ಕೇ ಬಡಿದು ವಾಪಸ್ ಬಂದು ಚಿತ್ರವೆಲ್ಲ ಬೆಳ್ಳಗೆ. ನಮ್ಮಲ್ಲಿ ಡಿಸೆಂಬರಿನ ಮಂಜಿಗೂ ಅದೇ ಕತೆ. ಸೂರಿನ ಹಂಚಿಗೆ ತೀರಾ ಹತ್ತಿರ ಕಟ್ಟಿದರಂತೂ ಹಂಚೇ ಹೊಳೆಯುತ್ತದೆ, ಅಂಗಳ ಕಪ್ಪು. ನನಗಂತೂ ಈ ರಾತ್ರಿ ದೃಷ್ಟಿ ಅನ್ನುವುದರ ಮೇಲೆ ಅಷ್ಟೇನೂ ಭರವಸೆ ಇಲ್ಲ. ನಮ್ಮ ಮನೆಯದು ರಾತ್ರಿ ಎರಡಕ್ಕೆ "ಮನುಷ್ಯ ಬಂದಿದ್ದಾನೆ" ಅಂತ ಕೂಗಿಕೊಂಡಿತ್ತು. ದೊಣ್ಣೆ ಹಿಡಿದು ಹೊರಗೆ ಓಡಿ ನೋಡಿದರೆ ನನ್ನದೇ ಪಂಚೆ, ತಂತಿಯ ಮೇಲೆ.

"ಹಾಗಾದ್ರೆ ದೀಪ ಹಾಕೋದೇ ಒಳ್ಳೇದು. ತೋಟದ ಕಂಬಕ್ಕೆ ನೂರು ವ್ಯಾಟಿನ ಫೋಕಸ್ ಲೈಟ್, ಮನೆ ಕಡೆ ಮುಖ ಮಾಡಿ. ಹಗಲಾಗಬೇಕು" ಅಂದರು ಭಟ್ಟರು.

"ಹಾಕಿ. ಕ್ಯಾಮೆರಾ ಕಣ್ಣಿಗೇ ಹೊಡೆಯುತ್ತೆ, ಕಳ್ಳ ತೊಗಲುಗೊಂಬೆ ಥರ ಬರೀ ಕಪ್ಪು ಆಕಾರ ಆಗಿ ಬಂದು ಹೋಗ್ತಾನೆ. ದೀಪ ಕ್ಯಾಮೆರಾದ ಕಡೆಯಿಂದಲೇ ಬೀಳಬೇಕು ಮಾವ, ಒಂಚೂರು ಪಕ್ಕಕ್ಕೆ. ನೂರು ವ್ಯಾಟ್ ಯಾಕೆ? ಇಪ್ಪತ್ತರದು, ಅದೂ 3000 ಕೆಲ್ವಿನ್ ಹಳದಿ. ಬೆಳ್ಳನೆಯದಕ್ಕೆ ಹುಳ ಜಾಸ್ತಿ, ಹುಳ ಇದ್ದಲ್ಲಿ ಜೇಡ. ಸ್ವಲ್ಪ ಬೆಳಕಿದ್ರೆ ಚಿತ್ರ ಬಣ್ಣದಲ್ಲೇ ಬರುತ್ತೆ, ಅಂಗಿ ಯಾವ ಬಣ್ಣ ಅಂತಾದ್ರೂ ಗೊತ್ತಾಗುತ್ತೆ."

ಮೇಷ್ಟ್ರು ಕವಳ ಉಗಿದು ಬಂದರು. "ಕರೆಂಟ್ ಹೋದ್ರೆ?"

ಇದಕ್ಕೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಮ್ಮೂರಲ್ಲಿ ಇದು ಹೋದ್ರೆ ಅನ್ನುವ ಪ್ರಶ್ನೆ ಅಲ್ಲ, ಬಂದ್ರೆ ಅನ್ನುವ ಪ್ರಶ್ನೆ. ಸೋಲಾರಿನದು ತನ್ನಿ ಅಂದೆ ನಾನು. ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿಲ್ಲ, ಆದರೆ ಅಡಿಕೆ ಒಣಗುವಾಗ ಹೇಗೂ ಬಿಸಿಲಿರುತ್ತದಲ್ಲ. ಬೇಡ ಅಂದ ಮಾಣಿ. ಬ್ಯಾಟರಿ ಉಳಿಸಲು ಅದು ಮಲಗಿರುತ್ತದಂತೆ, ಯಾರಾದರೂ ಓಡಾಡಿದರೆ ಎದ್ದು ಚಿತ್ರ ತೆಗೆಯುತ್ತದಂತೆ, ಏಳುವಷ್ಟರಲ್ಲಿ ಎಷ್ಟೋ ಸಲ ಬೆನ್ನು ಮಾತ್ರ ಸಿಗುತ್ತದಂತೆ.

"ಥೇಟ್ ನಮ್ಮ ನಾಯಿ" ಅಂದರು ಭಟ್ಟರು.

ಕೊನೆಗೆ ವಯರಿನದೇ ಗಟ್ಟಿಯಾಯಿತು, ಮೋಡೆಮ್ಮಿಗೂ ಸೇರಿ ಒಂದು ಸಣ್ಣ ಯುಪಿಎಸ್, ಗುಡುಗು ಶುರುವಾದರೆ ಪ್ಲಗ್ ಕೀಳುವುದು. ಮಾಣಿ ಚಿತ್ರ ಉಳಿಸುವ ಮೆಮೊರಿ ಕಾರ್ಡಿನ ಲೆಕ್ಕವನ್ನೂ ಹೇಳಿದ. ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಬರೆದರೆ ದಿನಕ್ಕೆ ಸುಮಾರು 21 ಜಿಬಿ. 128 ಜಿಬಿ ಕಾರ್ಡು ಆರು ದಿನಕ್ಕೆ ತುಂಬಿ, ಹಳೆಯದರ ಮೇಲೆ ಬರೆಯುತ್ತದೆ. ಅಂದರೆ ಮದುವೆಗೆ ಅಂತ ವಾರ ಬಿಟ್ಟು ಬಂದರೆ ಹೋದ ದಿನ ಆಗಿದ್ದು ಸಿಗುವುದಿಲ್ಲ. "ಪಾಸ್‌ವರ್ಡ್ ಮೊದಲು ಬದಲಾಯಿಸಿ ಮಾವ. 2016ರಲ್ಲಿ ಮಿರಾಯ್ ಅಂತ ವೈರಸ್ ಥರದ್ದೊಂದು ಬಂದಿತ್ತು, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾಗಳನ್ನೆಲ್ಲ ಹಿಡಿದು ಅದರಿಂದಲೇ ದೊಡ್ಡ ದೊಡ್ಡ ವೆಬ್‌ಸೈಟ್ ಬೀಳಿಸಿತು."

"ಯಾವ ಊರಿನ ಮಾರಾಯ ಅವನು?" ಅಂದರು ಭಟ್ಟರು, ನಿಜವಾಗಿಯೇ.

ಮುಂದಿನ ವಾರ ಮಾಲು ಬಂತು. ನಾಲ್ಕು ಮೆಗಾಪಿಕ್ಸೆಲ್ಲಿನ ಎರಡು ಕ್ಯಾಮೆರಾ, ಮಳೆ ತಡೆಯುವ ಐಪಿ66ರದು, ಜೊತೆಗೆ ಸೆನ್ಸರ್ ಇರುವ ದೀಪ. ಆ ರಾತ್ರಿಯೇ ಪರೀಕ್ಷೆ. ಕಳ್ಳನ ಪಾತ್ರಕ್ಕೆ ಮೇಷ್ಟ್ರು ತಾವಾಗಿಯೇ ಮುಂದೆ ಬಂದರು. ಪಕ್ಕದಿಂದ ಅಂಗಳ ದಾಟಿದರೆ ದೀಪ ಫಕ್ಕನೆ ಹತ್ತಿತು. ದಣಪೆಯಿಂದ ನೇರ ದೀಪದ ಕಡೆಗೇ ಮೆತ್ತಗೆ ನಡೆದು ಬಂದರೆ, ತೀರಾ ಹತ್ತಿರ ಬರುವವರೆಗೂ ಹತ್ತಲೇ ಇಲ್ಲ. ಮೈಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿದರೆ ಅದಕ್ಕೆ ಬೇಗ ಗೊತ್ತಾಗುತ್ತದೆ, ನೇರ ಬಂದರೆ ತಡ, ಅಂದ ಮಾಣಿ.

"ಹಾಗಾದ್ರೆ 'ಅಡ್ಡಡ್ಡ ಬನ್ನಿ' ಅಂತ ಒಂದು ಬೋರ್ಡ್ ಹಾಕಿ ಭಟ್ರೇ."

ದೀಪವನ್ನು ದಾರಿಯ ಪಕ್ಕಕ್ಕೆ ಸರಿಸಿದ್ದಾಯಿತು. ಮೂರನೇ ಸಲ ಮೇಷ್ಟ್ರು ಪಾತ್ರದೊಳಗೆ ಪೂರಾ ಇಳಿದುಬಿಟ್ಟರು. ತಲೆಗೆ ಹಾಳೆ ಟೊಪ್ಪಿ, ಕೈಯಲ್ಲಿ ಗೋಣಿಚೀಲ. ದೀಪ ಹತ್ತಿತು, ಮುಖ ಸ್ಪಷ್ಟವಾಗಿ ಬಂತು, ಕನ್ನಡಕದ ಕಡ್ಡಿ ಸಮೇತ. ಜಗಲಿಯಲ್ಲಿ ಮೊಬೈಲ್ ನೋಡುತ್ತಿದ್ದ ನಾವು ಭೇಷ್ ಅಂದೆವು. ಮೇಷ್ಟ್ರು ಅಡಿಕೆ ಬಾಚಲು ಬಗ್ಗಿದರು.

"ಹಾಗೇ ಇರಿ ಮೇಷ್ಟ್ರೇ, ಏಳಬೇಡಿ" ಅಂದರು ಭಟ್ಟರು. ದನಿ ಬದಲಾಗಿತ್ತು. ಹಳೇ ಫೋಟೋ ತೆಗೆದರು. ಹಿಗ್ಗಿಸಿದರು. ಅದೇ ನೆತ್ತಿ, ಅದೇ ತೂತು.

"ಈ ಟೊಪ್ಪಿ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ನಿಮ್ಮ ಜಗಲಿಯ ಗೂಟದಿಂದ. ದಿನಾ ನೀವೇ ತೋಟಕ್ಕೆ ಹಾಕ್ಕೊಂಡು ಹೋಗೋದಲ್ವಾ" ಅಂದರು ಮೇಷ್ಟ್ರು, ಬಗ್ಗಿಕೊಂಡೇ.

ಒಳಗಿಂದ ಭಟ್ಟರ ಮನೆಯವರ ದನಿ ಬಂತು. "ಹೋದ ವರ್ಷ ಅಡಿಕೆ ಹೋದ ಬೆಳಿಗ್ಗೆ ಅದು ದಣಪೆ ಹತ್ತಿರ ಬಿದ್ದಿತ್ತು. ನಾನೇ ಚೆನ್ನಾಗಿ ತೊಳೆದು ಒರೆಸಿ ಗೂಟಕ್ಕೆ ಹಾಕಿದ್ದೆ. ಯಾಕೆ?"

ಭಟ್ಟರು ಮಾತಾಡಲಿಲ್ಲ. ಕವಳದ ಹರಿವಾಣ ಹತ್ತಿರ ಎಳೆದುಕೊಂಡರು. ಅಂಗಳದಲ್ಲಿ ಮೇಷ್ಟ್ರು ಇನ್ನೂ ಬಗ್ಗಿಯೇ ಇದ್ದರು.