ಹಲ್ಲು ಬೆಳ್ಳಗೆ ಮಾಡಿಸೋ ಮುಂಚೆ: ದಂತವೈದ್ಯರಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಇವತ್ತು ಸಂಜೆ 7ರಿಂದ ನಮ್ಮ ಶಿವಮೊಗ್ಗ ಗುಂಪಿನ ದಂತವೈದ್ಯೆ ಉತ್ತರ ಕೊಡುತ್ತಾರೆ. ವಿಷಯ: ಕ್ಲಿನಿಕ್‌ನಲ್ಲಿ ಹಲ್ಲು ಬ್ಲೀಚ್ ಮಾಡಿಸುವಾಗ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಕಾಪಾಡಿಕೊಳ್ಳುವುದು ಹೇಗೆ. ಫಾರ್ವರ್ಡ್ ಹಾಕಬೇಡಿ. ಅಡಿಕೆ ರೇಟು, ರಾಜಕೀಯ ಬೇಡ.

ತುಂಗಾ ತೀರ: ಬ್ಲೀಚ್ ಮಾಡಿಸಿದರೆ ಎನಾಮಲ್ ಕರಗಿ ಹೋಗುತ್ತಂತೆ, ನಿಜಾನಾ ಮೇಡಂ?

ಡಾಕ್ಟರ್: ಸರಿಯಾಗಿ ಮಾಡಿದರೆ ಇಲ್ಲ. ಜೆಲ್‌ನಲ್ಲಿರುವ ಪೆರಾಕ್ಸೈಡ್ ಹಲ್ಲಿನೊಳಗೆ ಇಳಿದು ಬಣ್ಣವನ್ನು ಒಡೆಯುತ್ತದೆ. ಹಲ್ಲನ್ನು ಕೆರೆಯುವುದಿಲ್ಲ. ಮೇಲ್ಮೈ ಸ್ವಲ್ಪ ಮೆತ್ತಗಾಗಬಹುದು, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಅದನ್ನು ಮತ್ತೆ ಗಟ್ಟಿ ಮಾಡುತ್ತದೆ. ಹುಳಿ ಅಂಶ ಜಾಸ್ತಿ ಇರುವ ಜೆಲ್ ಆದರೆ ತೊಂದರೆ. ಹುಳುಕು, ಬಿರುಕು ನೋಡದೆ, ವಸಡಿಗೆ ರಕ್ಷಣೆಯ ಪದರ ಹಾಕದೆ ಸೀದಾ ಜೆಲ್ ಹಚ್ಚುವವರ ಹತ್ತಿರ ಹೋಗಬೇಡಿ.

ಸಾಗರದ ಸೊಸೆ: ಮೇಡಂ, ನನ್ನ ತವರು ಪಾವಗಡ. ಅಲ್ಲಿನ ಫ್ಲೋರೈಡ್ ನೀರಿಗೆ ಚಿಕ್ಕಂದಿನಿಂದ ಮುಂದಿನ ಹಲ್ಲಲ್ಲಿ ಕಂದು ಮಚ್ಚೆ. ಬ್ಲೀಚ್‌ಗೆ ಹೋಗುತ್ತಾ?

ಹೊಸನಗರ ಹುಡುಗಿ: ನಮಸ್ತೆ ಮೇಡಂ. ಇನ್ನು 3 ವಾರಕ್ಕೆ ನನ್ನ ಮದುವೆ. ಒಂದು ವಿಡಿಯೋ ನೋಡಿ ಎರಡು ತಿಂಗಳಿಂದ ದಿನಾ ನಿಂಬೆರಸ ಹಚ್ಚಿ, 5 ನಿಮಿಷ ಬಿಟ್ಟು, ಪುಡಿ ಉಪ್ಪಿನಿಂದ ಉಜ್ಜುತ್ತಿದ್ದೆ. ಮೊದಲು ಬೆಳ್ಳಗಾಯ್ತು. ಈಗ ಮೊದಲಿಗಿಂತ ಹಳದಿ ಆಗಿದೆ. ಬಾವಿ ನೀರು ಕುಡಿದರೂ ಹಲ್ಲು ಜುಂ ಅನ್ನುತ್ತೆ. ಒಂದೇ ದಿನದಲ್ಲಿ ಬ್ಲೀಚ್ ಮಾಡಿಸಬಹುದಾ?

ಡಾಕ್ಟರ್: ಮೊದಲು ಆ ನಿಂಬೆಹಣ್ಣನ್ನು ಅಡುಗೆಮನೆಗೆ ವಾಪಸ್ ಕೊಡಿ. ನಿಮಗೆ ಉದ್ದವಾಗಿಯೇ ಬರೆಯುತ್ತೇನೆ, ಇದೇ ವಿಡಿಯೋ ನೋಡಿಕೊಂಡು ಬಂದವರು ನನ್ನ ಹತ್ತಿರ ನೀವೊಬ್ಬರೇ ಅಲ್ಲ.

ನಮ್ಮ ಮೈಯಲ್ಲಿ ಎನಾಮಲ್‌ಗಿಂತ ಗಟ್ಟಿ ಪದಾರ್ಥ ಇನ್ನೊಂದಿಲ್ಲ. ಆದರೆ ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಗೆ ಬಂದ ಮೇಲೆ ಉಳಿಯುವುದಿಲ್ಲ. ಉಗುರು ಕತ್ತರಿಸಿದರೆ ಬೆಳೆಯುತ್ತದೆ, ಎನಾಮಲ್ ಹೋದರೆ ಹೋಯ್ತು. ಹುಳಿಯ ಅಳತೆ ಪಿಎಚ್, ಅದು ಕಡಿಮೆ ಆದಷ್ಟೂ ಹುಳಿ ಜಾಸ್ತಿ. ಬಾಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ನಿಂಬೆರಸದ್ದು 2ರಿಂದ 2.5. ಅಂದರೆ ನೀವು ದಿನಾ ಹುಳಿಯಲ್ಲಿ ಮೆತ್ತಗೆ ಮಾಡಿ, ಮೆತ್ತಗಾದದ್ದನ್ನು ಉಪ್ಪಿನಿಂದ ಕೆರೆದು ತೆಗೆದಿದ್ದೀರಿ. ಮೊದಲು ಬೆಳ್ಳಗೆ ಕಂಡಿದ್ದು ಒರಟಾದ ಮೇಲ್ಮೈ, ಹೊಳಪು ಹೋದ ಗೋಡೆಯ ಹಾಗೆ. ಈಗ ಕಾಣುತ್ತಿರುವ ಹಳದಿ ಕೊಳೆಯಲ್ಲ, ಎನಾಮಲ್ ಒಳಗಿನ ಪದರ, ಡೆಂಟಿನ್. ಅದರ ಬಣ್ಣವೇ ಹಳದಿ. ಇನ್ನೂ ಉಜ್ಜಿದರೆ ಇನ್ನೂ ಹಳದಿ.

ಈ ಸ್ಥಿತಿಯಲ್ಲಿ ಯಾರಾದರೂ 35% ಪೆರಾಕ್ಸೈಡ್ ಹಚ್ಚಿ ಒಂದೇ ದಿನಕ್ಕೆ ಮುಗಿಸಿಕೊಡುತ್ತೇನೆ ಅಂದರೆ ಎದ್ದು ಬನ್ನಿ. ಮಂಟಪದಲ್ಲಿ ಪಾನಕ ಕುಡಿಯುವುದಕ್ಕೂ ಆಗದಷ್ಟು ಜುಂ ಅನ್ನಬಹುದು. ಈ ವಾರವೇ ಹಲ್ಲು ತೋರಿಸಿ. ಎಷ್ಟು ಸವೆದಿದೆ, ಬೇರು ತೆರೆದಿದೆಯಾ ನೋಡಬೇಕು. ಎನಾಮಲ್ ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಶ್ ಹಚ್ಚಿಸಿಕೊಳ್ಳಿ. ಜುಂ ಅನ್ನುವುದು ತಗ್ಗಲು ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್, ಮೆತ್ತನೆ ಬ್ರಶ್ ಬಳಸಿ. ಜುಂ ಅನ್ನುವುದು ಪೂರ್ತಿ ನಿಂತ ಮೇಲೆ, ಅಳತೆ ತೆಗೆದು ಮಾಡಿಸಿದ ಟ್ರೇನಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಹಾಕಿಕೊಳ್ಳಬಹುದು. ಅದು ಒಡೆದಾಗ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5% ಅಷ್ಟೇ. ನಿಧಾನ, ಆದರೆ ಹಲ್ಲಿಗೆ ಹಿಂಸೆ ಕಡಿಮೆ. ಮದುವೆಯೊಳಗೆ ಆಗದಿದ್ದರೆ ಬಿಡಿ. ಉಳಿದದ್ದು ಫೋಟೋದವನು ನೋಡಿಕೊಳ್ಳುತ್ತಾನೆ.

ಹೊಸನಗರ ಹುಡುಗಿ: ಅಳು ಬರ್ತಿದೆ ಮೇಡಂ. ನಾಳೆ ಅಮ್ಮನ ಜೊತೆ ಬರ್ತೀನಿ.

ಭದ್ರಾವತಿ ಬಾಯ್: ಬ್ಲೀಚ್‌ಗೆ ಎಷ್ಟಾಗುತ್ತೆ?

ಡಾಕ್ಟರ್: ಹಲ್ಲು ನೋಡದೆ ಹೇಳಲ್ಲ.

ನಿವೃತ್ತ ಮೇಷ್ಟ್ರು, ಸಾಗರ: ವೈದ್ಯರು ಮುಚ್ಚಿಡುವ ಗುಟ್ಟು!! ಬಾಳೆಹಣ್ಣಿನ ಸಿಪ್ಪೆ + ಅರಿಶಿನ + ನಿಂಬೆರಸ. 7 ದಿನದಲ್ಲಿ ಮುತ್ತಿನಂಥ ಹಲ್ಲು. 10 ಜನರಿಗೆ ಕಳಿಸಿ.

ಡಾಕ್ಟರ್: ಸರ್, ನಿಂಬೆ ಬಗ್ಗೆ ಈಗಷ್ಟೇ ಬರೆದೆ. ಒಂದು ಹುಡುಗಿ ಅಳುತ್ತಿದ್ದಾಳೆ. ದಯವಿಟ್ಟು ಡಿಲೀಟ್ ಮಾಡಿ.

ನಿವೃತ್ತ ಮೇಷ್ಟ್ರು, ಸಾಗರ: ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ. ನಮ್ಮಜ್ಜಿ ಉಮಿಕರಿಯಲ್ಲೇ ಹಲ್ಲುಜ್ಜಿದವರು. 80 ವರ್ಷಕ್ಕೂ ಕಬ್ಬು ಸಿಗಿದು ತಿಂದರು. ಆಗ ಯಾವ ಎನಾಮಲ್ ಇತ್ತು?

ಮಂಡಗದ್ದೆ ಹಕ್ಕಿ: ಎನಾಮಲ್ ಆಗಲೂ ಇತ್ತು ಮೇಷ್ಟ್ರೇ, ವಾಟ್ಸಾಪ್ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ: ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು?

ಡಾಕ್ಟರ್: ಅಜ್ಜಿಯ ಹಲ್ಲು ಮೇಲೆ ಚಪ್ಪಟೆಯಾಗಿ ಸವೆದಿತ್ತಾ, ನೋಡಿದ್ರಾ ಸರ್? ಉಮಿಕರಿ ಇರಲಿ, ಅಂಗಡಿಯ ಚಾರ್‌ಕೋಲ್ ಇರಲಿ, ದಿನಾ ಉಜ್ಜಿದರೆ ಸವೆಯುತ್ತೆ. ಅವರು ಬಿಸ್ಕೆಟ್, ಚಾಕಲೇಟ್ ತಿಂದವರಲ್ಲ, ಅದಕ್ಕೆ ಹುಳುಕಾಗಲಿಲ್ಲ.

ಕೊಪ್ಪ ಕಾಫಿ: ಬ್ಲೀಚ್ ಆದ ಮೇಲೆ ಏನು ತಿನ್ನಬಾರದು? ಮುಂದಿನ ಒಂದು ಹಲ್ಲಿಗೆ ಕ್ಯಾಪ್ ಇದೆ.

ಡಾಕ್ಟರ್: 2 ದಿನ ಕಾಫಿ, ಟೀ, ಅರಿಶಿನ ಹಾಕಿದ್ದು, ಎಲೆ ಅಡಿಕೆ ಬೇಡ. ಹುಳಿಯೂ ಬೇಡ. ಮರೆತು ಅಪ್ಪೆಹುಳಿ ಕುಡಿದರೆ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಶ್ ಮುಟ್ಟಬೇಡಿ. ಕ್ಯಾಪ್ ಬಣ್ಣ ಬದಲಾಗಲ್ಲ. ಪಕ್ಕದ ಹಲ್ಲು ಬೆಳ್ಳಗಾದರೆ ಅದೊಂದೇ ಬೇರೆ ಕಾಣುತ್ತೆ, ಯೋಚನೆ ಮಾಡಿ.

ತುಂಗಾ ತೀರ: ನೀಲಿ ಲೈಟ್ ಹಾಕ್ತಾರಲ್ಲ, ಅದು ಬೇಕೇ ಬೇಕಾ?

ಡಾಕ್ಟರ್: ಕೆಲಸ ಮಾಡೋದು ಜೆಲ್.

ಸಾಗರದ ಸೊಸೆ: ಮೇಡಂ, ಪಾವಗಡದ ಕಂದು ಮಚ್ಚೆ…

ರಿಪ್ಪನ್‌ಪೇಟೆ ತೋಟ: ಮೇಡಂ, ವಯಸ್ಸು 34. ಹನ್ನೆರಡು ವರ್ಷದಿಂದ ಕವಳ (ಎಲೆ ಅಡಿಕೆ) ಹಾಕ್ತೀನಿ, ನಡುವೆ ಗುಟ್ಕಾನೂ ಇತ್ತು. ಹಲ್ಲೆಲ್ಲ ಕೆಂಪು. ಬ್ಲೀಚ್ ಮಾಡಿಸೋಣ ಅಂತ. ಆದರೆ ಬಾಯಿ ಮೊದಲಿನಷ್ಟು ಅಗಲ ತೆಗೆಯಕ್ಕೆ ಬರಲ್ಲ, ಖಾರ ತಿಂದರೆ ಉರಿಯುತ್ತೆ. ಆ ತುಟಿ ಅಗಲಿಸೋ ಪ್ಲಾಸ್ಟಿಕ್ ಹಾಕಿದರೆ ತೊಂದರೆನಾ?

ಡಾಕ್ಟರ್: ಬ್ಲೀಚ್ ಮಾತು ಬಿಡಿ. ಕವಳದ ಕಲೆ ಮೇಲಿನದು, ಕ್ಲೀನಿಂಗ್‌ನಲ್ಲೇ ಬಹಳಷ್ಟು ಹೋಗುತ್ತೆ. ನನಗೆ ಚಿಂತೆ ನೀವು ಕೊನೆಗೆ ಹೇಳಿದ್ದರದ್ದು. ಖಾರಕ್ಕೆ ಉರಿ, ಬಾಯಿ ಬಿಗಿ: ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಗಿನ ಚರ್ಮ ನಾರುಗಟ್ಟುವ ಕಾಯಿಲೆ ಇರಬಹುದು. ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ಈಗಲೇ ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ಮಧ್ಯೆ ಹೋಗುತ್ತಾ ನೋಡಿ ಹೇಳಿ. ಕವಳ ಇವತ್ತೇ ನಿಲ್ಲಿಸಿ. ತಂಬಾಕು ಇಲ್ಲದ್ದಾದರೂ ಅಷ್ಟೇ.

ಅಡಿಕೆ ಗೊನೆ: ಗುಟ್ಕಾ ಮಾಡಿದ್ದನ್ನು ಅಡಿಕೆ ತಲೆಗೆ ಕಟ್ಟಬೇಡಿ ಮೇಡಂ. ದೇವರಿಗೆ ಇಡೋ ವಸ್ತು. ಇಂಥ ಮಾತಿಂದಲೇ ರೇಟು ಬೀಳೋದು.

ಮಂಡಗದ್ದೆ ಹಕ್ಕಿ: ದೇವರು ಅಗಿಯಲ್ಲ ಅಣ್ಣ.

ಅಡಿಕೆ ಗೊನೆ: ಮೇಡಂ, ನಿಮ್ಮನೆಯಲ್ಲಿ ಅಡಿಕೆ ತೋಟ ಇಲ್ವಾ? ಆ ದುಡ್ಡಲ್ಲೇ ಓದಿದ್ದಲ್ವಾ?

ಡಾಕ್ಟರ್: ನಮ್ಮನೆಯಲ್ಲೂ ತೋಟ ಇದೆ. ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಗಳಲ್ಲಿ ಭೇದ ಇಲ್ಲ. ರೇಟಿನ ಜಗಳ ಬೇರೆ ಕಡೆ ಆಡಿ.

ನಿವೃತ್ತ ಮೇಷ್ಟ್ರು, ಸಾಗರ: ನಮ್ಮಜ್ಜಿ ಕವಳವನ್ನೂ ಹಾಕುತ್ತಿದ್ದರು.

ಅಡ್ಮಿನ್: ಮೇಷ್ಟ್ರೇ, ಸಾಕು.

ಭದ್ರಾವತಿ ಬಾಯ್: ಅಂದಾಜು ಎಷ್ಟಾಗುತ್ತೆ ಅಂತಾದ್ರೂ ಹೇಳಿ.

ರಿಪ್ಪನ್‌ಪೇಟೆ ತೋಟ: ನೋಡಿದೆ ಮೇಡಂ. ಎರಡೇ ಬೆರಳು ಹಿಡಿಯುತ್ತೆ.

ಡಾಕ್ಟರ್: ನಾಳೆ ಬೆಳಿಗ್ಗೆಯೇ ಬಸ್ ಹತ್ತಿ. ನನ್ನ ಹತ್ತಿರವೇ ಬರಬೇಕು ಅಂತಿಲ್ಲ, ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗಾದರೂ ಹೋಗಿ, ಡೆಂಟಲ್ ಕಾಲೇಜಿಗಾದರೂ ಹೋಗಿ. ಮನೆಯವರನ್ನು ಕರೆದುಕೊಂಡು ಹೋಗಿ. ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೀನಿ, ಈಗ ಫೋನ್ ಮಾಡಿ. ಉಳಿದವರು ಕ್ಷಮಿಸಿ, ಇವತ್ತಿಗೆ ಇಷ್ಟೇ.

ಸಾಗರದ ಸೊಸೆ: ನನ್ನ ಮಚ್ಚೆ ಕೇಳೋರೇ ಇಲ್ಲ ಅಲ್ವಾ.